ಷೆವರ್ಲೆ ವಿಕ್ರಯ ಮಿತಾಕ್ಷರಾ

ಪೀಠಿಕೆ

ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿದ ಗಳಿಗೆಯಿಂದಲೇ ಹಕ್ಕುಂಟೆಂದು ದೇಶಕ್ಕೆ ತಿಳಿಸಿಕೊಟ್ಟು, ತಲೆತಲಾಂತರಕ್ಕೂ ವಕೀಲರ ಹೊಟ್ಟೆ ತುಂಬಿಸಿದವನು ನಮ್ಮ ಕಲಬುರಗಿ ಜಿಲ್ಲೆಯವನು. ಮರತೂರಿನ ವಿಜ್ಞಾನೇಶ್ವರ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವನ್ನು, ಬಂಗಾಳದಂಥ ಕೆಲವು ಸೀಮೆ ಬಿಟ್ಟರೆ, ದೇಶದ ಬಹುಭಾಗ ತಲೆಬಾಗಿ ಒಪ್ಪಿತು. ಮುಂದೆ ಇಂಗ್ಲಿಷರ ಕೋರ್ಟುಗಳೂ ಒಪ್ಪಿದವು. ಹೊಲ, ಮನೆ, ಒಡವೆ, ಸಾಲ ಎಲ್ಲದರ ಪಾಲನ್ನೂ ವಿವರಿಸಿದ ಆ ಮಹಾನುಭಾವ ಅಜ್ಜ ಬಿಟ್ಟುಹೋದ ಅಮೆರಿಕನ್ ಮೋಟಾರಿನ ಬಗ್ಗೆ ಮಾತ್ರ ಒಂದಕ್ಷರ ಬರೆಯಲಿಲ್ಲ. ಶಾಸ್ತ್ರದ ಈ ಕೊರತೆಯನ್ನು ತುಂಬಲು ಜೇವರ್ಗಿ ಕಾಲೋನಿಯಲ್ಲಿ ಕೂತು ಈ ಪ್ರಬಂಧ ರಚಿಸಲಾಗಿದೆ. ಶಾಸ್ತ್ರಕ್ಕೊಂದು ದೃಷ್ಟಾಂತ ಬೇಕಾದ್ದರಿಂದ ಒಂದು ಮನೆತನವನ್ನು ಕಲ್ಪಿಸಿಕೊಂಡಿದ್ದೇವೆ. ಓದುವವರು ತಮ್ಮ ಮನೆಯದೇ ಎಂದುಕೊಂಡರೆ ಜವಾಬ್ದಾರಿ ಅವರದು.

ದಾಯವಿಭಾಗ ಪ್ರಕರಣ

ಸೂತ್ರ 1: ಅಜ್ಜ ಕೊಳ್ಳುತ್ತಾನೆ, ಮೊಮ್ಮಗ ಮಾರುತ್ತಾನೆ, ನಡುವಿನ ಕಾಲದಲ್ಲಿ ಕೋಳಿ ಕೂರುತ್ತದೆ.

ವೃತ್ತಿ: ಕಮಲಾಪುರದ ಕೆಂಪು ಬಾಳೆಯ ಸಾಹುಕಾರನೊಬ್ಬ 1948ರ ಮಾಡೆಲಿನ ಷೆವರ್ಲೆ ಫ್ಲೀಟ್‌ಮಾಸ್ಟರ್ ಕೊಂಡ. ಇಂಥ ಗಾಡಿಗಳನ್ನು ಜನರಲ್ ಮೋಟಾರ್ಸ್ ಕಂಪನಿ 1928ರಿಂದ ಮುಂಬಯಿಯ ಸೇವ್ರಿಯಲ್ಲಿ ಜೋಡಿಸುತ್ತಿತ್ತು. ಬರೀ ಜೋಡಿಸಿದರೆ ಸಾಲದು, ಇಲ್ಲೇ ತಯಾರಿಸಿ ಎಂದು ಸರಕಾರ ಪಟ್ಟು ಹಿಡಿದಾಗ 1954ರಲ್ಲಿ ಬಾಗಿಲು ಹಾಕಿತು. ಗಾಡಿಯ ಲಕ್ಷಣಗಳು: ಆರು ಸಿಲಿಂಡರ್, ಮೂರೂವರೆ ಲೀಟರ್ ಎಂಜಿನ್, 90 ಕುದುರೆ ಶಕ್ತಿ, ಸ್ಟೀರಿಂಗ್ ಕಂಬದ ಮೇಲೆ ಮೂರು ಗೇರು, 6 ವೋಲ್ಟಿನ ಬ್ಯಾಟರಿ. ರಾತ್ರಿ ಹೆಡ್‌ಲೈಟ್ ಹಾಕಿದರೆ ಎದುರಿನ ದಾರಿ ಕಾಣದಿದ್ದರೂ ಹೆಡ್‌ಲೈಟ್ ಎಲ್ಲಿದೆ ಎಂಬುದು ಕಾಣುತ್ತಿತ್ತು.

ಅಜ್ಜ ತೀರಿಕೊಂಡ ಮೇಲೆ ಪಾಲಾಯಿತು. ಬಾಡಿ ಹಿರಿಯ ಮಗನಿಗೆ. ಎಂಜಿನ್ ನಡುವಿನವನಿಗೆ, ಪೆಟ್ರೋಲು ತುಟ್ಟಿಯಾಗುವವರೆಗೆ ಅದು ಬಾವಿಯ ದಂಡೆಯಲ್ಲಿ ಕೂತು ಬಾಳೆಗೆ ನೀರೆತ್ತಿತು. ನಾಲ್ಕು ಗಾಲಿಗಳು ಕಿರಿಯವನ ಎತ್ತಿನ ಗಾಡಿಗೆ. ಹಿಂದಿನ ಸೀಟು ಹುಮನಾಬಾದಿಗೆ ಕೊಟ್ಟ ಮಗಳ ಪಡಸಾಲೆಯಲ್ಲಿ ಸೋಫಾ ಆಯಿತು. ಯಾರೂ ಕೋರ್ಟಿಗೆ ಹೋಗಲಿಲ್ಲ. ಉಳಿದ ಬಾಡಿಯಲ್ಲಿ ಕೋಳಿಗಳು ಮೂರು ತಲೆಮಾರು ಮೊಟ್ಟೆ ಇಟ್ಟವು. ಅವುಗಳ ಅನುಭೋಗದ ಹಕ್ಕನ್ನೂ ಯಾರೂ ಪ್ರಶ್ನಿಸಲಿಲ್ಲ. ಇಷ್ಟು ಶಾಂತವಾದ ಪಾಲು ಈ ಸೀಮೆಯಲ್ಲಿ ಅಪರೂಪವೆಂದು ಹಿರಿಯರ ಮತ.

ಕಾಲನಿರ್ಣಯ ಪ್ರಕರಣ

ಸೂತ್ರ 2: ಕಾಗದ ಓದಲು ಬಾರದ ಗಿರಾಕಿಗೆ ಗಾಡಿ ಅನಾದಿ.

ವೃತ್ತಿ: ಖರೀದಿಯ ರಸೀದಿ ಉರ್ದುವಿನಲ್ಲಿದೆ, ನಿಜಾಮರ ದರಬಾರಿನ ಭಾಷೆಯಲ್ಲವೆ. ರೊಕ್ಕ ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾದಲ್ಲಿದೆ. ಇಸವಿ ನಿಜಾಮರ ಫಸಲಿ ಶಕೆಯಲ್ಲಿದೆ: 1357. ಮಾರಲು ಹೊರಟ ದಿನ ದಲಾಲ ಇದನ್ನು ಗಟ್ಟಿಯಾಗಿ ಓದಿದೊಡನೆ ಬೆಂಗಳೂರಿನಿಂದ ಬಂದ ಗಿರಾಕಿ ಅದನ್ನು ಕ್ರಿಸ್ತಶಕವೆಂದುಕೊಂಡು ಬೆವರು ಒರೆಸಿಕೊಂಡ. ಅಲ್ಲಾವುದ್ದೀನ್ ಹಸನ್ ಬಹಮನ್ ಶಾ ಪಟ್ಟಕ್ಕೆ ಬಂದದ್ದು 1347ರಲ್ಲಿ, ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡು ತೀರಿಹೋದದ್ದು 1358ರಲ್ಲಿ. ಹಾಗಾಗಿ ಸುಲ್ತಾನ ಸಾಯುವ ಹಿಂದಿನ ವರ್ಷ ಈ ಗಾಡಿ ತಂದನೆಂದು ಒಂದು ಪಂಥ ಹುಟ್ಟಿಕೊಂಡಿತು. ಫಸಲಿಗೆ 590 ಕೂಡಿಸಿದರೆ ಗಾಡಿ 1947ರ ಅಕ್ಟೋಬರಿನಿಂದ ಹೈದರಾಬಾದ್ ಪೊಲೀಸ್ ಕಾರ್ಯಾಚರಣೆ ನಡೆದ 1948ರ ಸೆಪ್ಟೆಂಬರಿನೊಳಗೆ ಬಂದದ್ದೆಂದು ಯಾವ ಪಂಡಿತನಾದರೂ ಹೇಳಿಯಾನು. ಆದರೆ ಮಾರುವ ಮನೆಯಲ್ಲಿ ಪಂಡಿತರಿಗೆ ಚಹಾ ಕೊಟ್ಟು ಬೇಗ ಕಳಿಸಬೇಕೆಂಬುದು ಶಿಷ್ಟಾಚಾರ. ಇನ್ನು ಬೆಲೆ: ಹಾಲಿ ಸಿಕ್ಕಾದ ಏಳು ರೂಪಾಯಿಗೆ ಆಗ ಬ್ರಿಟಿಷ್ ಆರು ರೂಪಾಯಿ ಬರುತ್ತಿತ್ತು. ದಲಾಲ ಮಾತ್ರ ಆರರಿಂದ ಭಾಗಿಸಿ ಏಳರಿಂದ ಗುಣಿಸಿದ. ಗಣಿತದಲ್ಲಿ ಇದು ತಪ್ಪು, ವಿಕ್ರಯಶಾಸ್ತ್ರದಲ್ಲಿ ಅಲಂಕಾರ.

ಸಂಸೃಷ್ಟಿ ಪ್ರಕರಣ

ಸೂತ್ರ 3: ನಟ್ಟು ಬೋಲ್ಟು ಕೂಡಿದಲ್ಲಿ ನೆಂಟರೂ ಕೂಡುತ್ತಾರೆ.

ವೃತ್ತಿ: ಇದು ಗಿರಾಕಿ ಬರುವ ಮುಂಚಿನ ಮಾತು. ಹಿರಿಯ ಮೊಮ್ಮಗ ಗಾಡಿಯನ್ನು ಮೊದಲಿನಂತೆ ಮಾಡಿಸುವ ಪಣ ತೊಟ್ಟ. ಎಂಜಿನ್ನನ್ನು ಬಾವಿಯ ದಂಡೆಯಿಂದ ಕಿತ್ತು ತಂದ. ಸೀಟನ್ನು ಅತ್ತಿಯ ಮನೆಯಿಂದ, ಬದಲಿಗೆ ಹೊಸ ಸೋಫಾ ಕೊಟ್ಟು, ಬಿಡಿಸಿದ. ಕನೆಕ್ಟಿಂಗ್ ರಾಡುಗಳಿಗೆ ಬಿಳಿಲೋಹ ಕಾಯಿಸಿ ಸುರಿದು, ಕೆರೆದು, ನೀಲಿ ಹಚ್ಚಿ ನೋಡಿ, ಮತ್ತೆ ಕೆರೆದು ಬೇರಿಂಗ್ ಕೂಡಿಸಬಲ್ಲ ಮಿಸ್ತ್ರಿಯನ್ನು ಹುಡುಕಿದ. ಗಾಡಿ ಶುರುವಾಯಿತು. ಆ ಸದ್ದು ಜೇವರ್ಗಿ ಕಾಲೋನಿಯಿಂದ ಹುಮನಾಬಾದಿನವರೆಗೆ ಕೇಳಿಸಿತೆಂಬುದಕ್ಕೆ ಪ್ರಮಾಣ: ಸಂಜೆಯೊಳಗೆ ಮೂರೂ ಕವಲಿನವರು ಬಾಗಿಲಲ್ಲಿದ್ದರು.

‘ಎಂಜಿನ್ ನಮ್ಮ ಬಾವೀದು’ ಎಂದ ನಡುವಿನವನ ಮಗ.

‘ಗಾಲಿ ನಮ್ಮವು’ ಎಂದ ಕಿರಿಯವನ ಮಗ. ಹಳೆಯ ಗಾಲಿಗಳು ಯಾವತ್ತೋ ಸವೆದು ಹೋಗಿದ್ದವು. ‘ಹೋದ್ರೇನಾತು, ಹಕ್ಕು ಸವೀತದೇನ್ರಿ?’

‘ಸೀಟು ನಂದದಪಾ’ ಎಂದಳು ಅತ್ತಿ, ಸೀಟಿನ ಮೇಲೆ ಕೂತೇ.

ಇಲ್ಲಿ ವಿಜ್ಞಾನೇಶ್ವರ ನೆರವಿಗೆ ಬರುತ್ತಾನೆ. ಪಾಲಾದ ಆಸ್ತಿ ಮತ್ತೆ ಕೂಡುವುದಕ್ಕೆ ಅವನ ಶಾಸ್ತ್ರದಲ್ಲಿ ಸಂಸೃಷ್ಟಿ ಎನ್ನುತ್ತಾರೆ. ಇಂಥ ಕೂಡಿಕೆ ತಂದೆ, ಅಣ್ಣತಮ್ಮ, ಕಾಕಾ ಇವರೊಂದಿಗೆ ಮಾತ್ರ ಸಾಧ್ಯ. ಹಾಗಾದರೆ ಅತ್ತಿ ಹೊರಗೆ. ಆದರೆ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟಿದೆ. ಹಾಗಾದರೆ ಅತ್ತಿ ಒಳಗೆ, ಮತ್ತು ಅವಳು ಆಗಲೇ ಒಳಗೆ ಕೂತಿದ್ದಾಳೆ. ಎಲ್ಲಕ್ಕಿಂತ ಹೆಚ್ಚು ಬೆವರು ಸುರಿಸಿದ ಮಿಸ್ತ್ರಿಗೆ ಎರಡೂ ಶಾಸ್ತ್ರಗಳಲ್ಲಿ ಪಾಲಿಲ್ಲ. ಬಾಕಿ ಮಾತ್ರ ಇದೆ.

ಪರೀಕ್ಷಾ ಪ್ರಕರಣ

ಸೂತ್ರ 4: ಗಿರಾಕಿ ಕೂತಾಗಲೇ ಗಾಡಿ ನಿಲ್ಲುವುದು ವಸ್ತುಧರ್ಮ.

ವೃತ್ತಿ: ಗಿರಾಕಿಯನ್ನು ಕೂರಿಸಿಕೊಂಡು ಕಮಲಾಪುರದತ್ತ ಹೊರಟದ್ದು ಏಪ್ರಿಲ್ ತಿಂಗಳ ಮಧ್ಯಾಹ್ನ. ಕಪನೂರು ದಾಟುವ ಮೊದಲೇ ಎಂಜಿನ್ ಕೆಮ್ಮಿ ನಿಂತಿತು. ಕಲಬುರಗಿಯ ಬಿಸಿಲಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗುತ್ತದೆ, ಆವಿಯನ್ನು ಎತ್ತಲು ಪಂಪಿಗೆ ಬಾರದು, ಕಾರ್ಬ್ಯುರೇಟರ್ ಒಣಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಬೇರೆ. ಅದು ಹಳೆಯ ಪಂಪಿನ ರಬ್ಬರಿನ ಪೊರೆಯನ್ನೂ ತಿನ್ನುತ್ತದೆ. ಆಳಂದ, ಅಫಜಲಪುರದ ಕಬ್ಬು ಡೆಟ್ರಾಯಿಟಿನ ಮೇಲೆ ಹೀಗೆ ಸೇಡು ತೀರಿಸಿಕೊಳ್ಳುತ್ತಿದೆ.

ದಾರಿಹೋಕನೊಬ್ಬ ಬೈಕು ನಿಲ್ಲಿಸಿದ. ‘ಯಾಕ್ರಿ ಸಾಹುಕಾರ್ರ, ನಿಂತದೇನ್ರಿ? ಪಂಪಿಗಿ ಹಸಿ ಅರಬಿ ಸುತ್ರಿ.’ ಸುತ್ತಲಾಯಿತು. ಟವೆಲ್ ಗಿರಾಕಿಯದು. ಗಾಡಿ ಮತ್ತೆ ಶುರುವಾಯಿತು.

ಮೌಲ್ಯ ಪ್ರಕರಣ

ಸೂತ್ರ 5: ಬೆಲೆ ಟವೆಲಿನೊಳಗೆ ಹುಟ್ಟುತ್ತದೆ, ಹೊರಗೆ ಸಾಯುತ್ತದೆ.

ವೃತ್ತಿ: ಬೆಲೆಯ ಬಗ್ಗೆ ನಾಲ್ಕು ದರ್ಶನಗಳು. ಖರ್ಚುವಾದಿ ಮಿಸ್ತ್ರಿಯ ಚೀಟಿಗಳನ್ನೆಲ್ಲ ಕೂಡಿಸುತ್ತಾನೆ. ಸ್ಮೃತಿವಾದಿ ಅಜ್ಜ ಇದೇ ಗಾಡಿಯಲ್ಲಿ ಶರಣಬಸವೇಶ್ವರ ಜಾತ್ರೆಗೆ ಬಂದದ್ದನ್ನು ಕೂಡಿಸುತ್ತಾನೆ. ಲೋಹವಾದಿ ಗುಜರಿಯ ತಕ್ಕಡಿಯನ್ನು ಮಾತ್ರ ನಂಬುತ್ತಾನೆ. ಲಗ್ನವಾದಿ ಮದುಮಗನ ಮೆರವಣಿಗೆಗೆ ಬಾಡಿಗೆ ಬಿಡುವ ಲೆಕ್ಕ ಹಾಕುತ್ತಾನೆ.

ಲಗ್ನವಾದಿಯನ್ನು ಕೇಂದ್ರ ಸರಕಾರ 2021ರಲ್ಲೇ ಖಂಡಿಸಿದೆ. ಐವತ್ತು ವರ್ಷ ದಾಟಿ ಮೂಲರೂಪ ಕೆಡದ ಗಾಡಿಗೆ ವಿಂಟೇಜ್ ನೋಂದಣಿ ಕೊಡುತ್ತಾರೆ. ಶುಲ್ಕ ₹20,000, ಅವಧಿ ಹತ್ತು ವರ್ಷ, ನಂಬರಿನಲ್ಲಿ ‘ವಿಎ’ ಎಂಬ ಬಿರುದು. ಆದರೆ ಬಾಡಿಗೆಗಾಗಲಿ ದಿನನಿತ್ಯದ ಓಡಾಟಕ್ಕಾಗಲಿ ಬಳಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ‍್ಯಾಲಿ, ರಿಪೇರಿ ಮತ್ತು ಪೆಟ್ರೋಲು ಹಾಕಿಸುವುದಕ್ಕೆ ಮಾತ್ರ ಬೀದಿಗಿಳಿಯಬಹುದು. ಲೀಟರಿಗೆ ಐದಾರು ಕಿಲೋಮೀಟರ್ ಓಡುವ ಗಾಡಿಗೆ ಕೊನೆಯ ಉದ್ದೇಶವೊಂದೇ ಪೂರ್ಣಾವಧಿ ಉದ್ಯೋಗ. ಮಾರಿದರೆ 90 ದಿನಗಳೊಳಗೆ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು.

ದನದ ಸಂತೆಯ ಪದ್ಧತಿಯಂತೆ ದಲಾಲ ಟವೆಲ್ ಹೊದಿಸಿ ಗಿರಾಕಿಯ ಬೆರಳು ಹಿಡಿದ. ಪಂಪಿನಿಂದ ಬಿಚ್ಚಿದ ಹಸಿ ಟವೆಲ್ ಅದೇ. ಗಿರಾಕಿ ಮೂರು ಬೆರಳು ಒತ್ತಿದ. ದಲಾಲ ತಲೆಯಾಡಿಸಿದ. ಸೌದಾ ಕುದುರಿತು. ಆಗ ದಲಾಲ ಕೇಳಿದ, ‘ಸಹಿ ಯಾರ್ದು?’ ನಾಲ್ಕು ಕೈ ಮುಂದೆ ಬಂದವು. ಮೂರಕ್ಕೆ ನಾಲ್ಕು ಪಾಲು ಹೇಗೆ ಎಂಬ ಪ್ರಶ್ನೆ ರಾತ್ರಿ ಊಟದ ಹೊತ್ತಿಗೂ ತೀರಲಿಲ್ಲ. ಗಿರಾಕಿ ರೈಲು ಹಿಡಿದ.

ಸಿದ್ಧಾಂತ

ಹಳೆಯ ಗಾಡಿ ಕೆಟ್ಟು ನಿಂತಾಗ ವಾರಸುದಾರರಿಲ್ಲದ ಆಸ್ತಿ. ಓಡತೊಡಗಿದ ದಿನ ಅವಿಭಕ್ತ ಕುಟುಂಬ. ಅದನ್ನು ದುರಸ್ತಿ ಮಾಡಿಸಿದವನು ಗಾಡಿಯನ್ನಷ್ಟೇ ಕೂಡಿಸಿದೆನೆಂದು ತಿಳಿದಿರುತ್ತಾನೆ. ಒಡೆದ ಮನೆಯನ್ನೂ ಕೂಡಿಸಿಬಿಟ್ಟಿರುತ್ತಾನೆ. ಮನೆಯನ್ನು ಮತ್ತೆ ಒಡೆಯದೆ ಗಾಡಿಯನ್ನು ಮಾರಲಾಗದು. ಇಪ್ಪತ್ತು ವರ್ಷ ಮಾತಿಲ್ಲದ ಕಾಕಂದಿರ ಮಕ್ಕಳು ಈಗ ದಿನಾ ಸಂಜೆ ಬಾನೆಟ್ ಎತ್ತಿ ಜಗಳಾಡುತ್ತಾರೆ. ಇದನ್ನು ವಿಕ್ರಯದ ಸೋಲೆನ್ನಬೇಕೋ ಸಂಸೃಷ್ಟಿಯ ಗೆಲುವೆನ್ನಬೇಕೋ ಎಂಬಲ್ಲಿ ಶಾಸ್ತ್ರ ಎರಡನೆಯದರ ಪಕ್ಷ ಹಿಡಿಯುತ್ತದೆ. ಮಿಸ್ತ್ರಿ ಮೊದಲನೆಯದರ ಪಕ್ಷ, ಬಾಕಿ ಬರುವವರೆಗೆ.

ಫಲಶ್ರುತಿ

ಈ ಪ್ರಬಂಧವನ್ನು ಓದಿದವರಿಗೆ ಕಳೆದುಹೋದ ಆರ್‌ಸಿ ಪುಸ್ತಕ ಸಿಗುವುದು. ಕೇಳಿದವರಿಗೆ 6 ವೋಲ್ಟಿನ ಬಲ್ಬು ಸಿಗುವುದು. ಓದದೆ ಕೇಳದೆ ಗಾಡಿಯನ್ನು ಕೋಳಿಗಳ ಪಾಲಿಗೇ ಬಿಟ್ಟವರಿಗೆ, ಒಂದೇ ಸಹಿಯಲ್ಲಿ, ಗುಜರಿಯವನು ನಗದು ಕೊಟ್ಟು ಒಯ್ಯುವನು.