ಎಪ್ಪತ್ತು ವ್ಯಾಟಿನ ಹೀಟರ್: ಬಳಕೆದಾರರ ಕೈಪಿಡಿ



ಡಿಸೆಂಬರ್ ರಜೆಯಲ್ಲಿ ಕೇದಾರಕಂಠ ಹತ್ತೋಣವೇ ಎಂದು ಆಫೀಸಿನ ವಾಟ್ಸ್ಯಾಪ್ ಗುಂಪಿನಲ್ಲಿ ಯಾರೋ ಕೇಳಿದಾಗ, ಹಿಂದೆಮುಂದೆ ನೋಡದೆ ಹೆಬ್ಬೆರಳೆತ್ತಿದ ನಿಮಗೆ ಅಭಿನಂದನೆಗಳು. ಈ ಕೈಪಿಡಿಯನ್ನು ಬೆಂಗಳೂರಿನಲ್ಲಿರುವಾಗಲೇ ಓದಿ ಮುಗಿಸಿ. ಹಲವು ಗ್ರಾಹಕರು ಇದನ್ನು ಮೊದಲ ಸಲ ಬಿಚ್ಚುವುದು ಟೆಂಟಿನೊಳಗೆ, ರಾತ್ರಿ ಎರಡು ಗಂಟೆಗೆ, ಹಲ್ಲು ಕಟಕಟಿಸುತ್ತ. ಆ ಹೊತ್ತಿನಲ್ಲಿ ಇದನ್ನು ಒದ್ದೆ ಬೂಟಿನೊಳಗೆ ತುರುಕಬಹುದೇ ಹೊರತು ಬೇರೆ ಪ್ರಯೋಜನವಿಲ್ಲ.

1. ಉಪಕರಣದ ಪರಿಚಯ

ಈ ವ್ಯವಸ್ಥೆಯಲ್ಲಿ ಹೀಟರ್ ಇರುವುದು ಒಂದೇ. ಅದು ನೀವು. ಮಲಗಿ ನಿದ್ದೆಹೋದ ದೊಡ್ಡವರ ಮೈ ಹೊರಬಿಡುವ ಶಾಖ ಸುಮಾರು 70 ವ್ಯಾಟ್. ಅಜ್ಜಿಮನೆ ಪಡಸಾಲೆಯಲ್ಲಿ ನೇತಾಡುತ್ತಿದ್ದ ಹಳೇ ಬಲ್ಬಿಗಿಂತ ಒಂಚೂರು ಜಾಸ್ತಿ. ಅಂಗಡಿಯಲ್ಲಿ ಕೊಳ್ಳುವ ಮಿಕ್ಕಿದ್ದೆಲ್ಲ, ಅದೆಷ್ಟೇ ದುಬಾರಿಯಾಗಿರಲಿ, ಈ ಶಾಖ ಸೋರದಂತೆ ತಡೆಯುವ ಸಾಮಾನು. ಹೀಟರ್ ಕೆಟ್ಟರೆ ಬಿಡಿಭಾಗ ಸಿಗುವುದಿಲ್ಲ.

ಬಳಸುವ ಜಾಗ: ಉತ್ತರಾಖಂಡದ ಉತ್ತರಕಾಶಿ ಜಿಲ್ಲೆ. ಡೆಹ್ರಾಡೂನಿನಿಂದ ಸುಮಾರು 200 ಕಿ.ಮೀ. ಹೊಟ್ಟೆ ತೊಳೆಸುವ ತಿರುವುಗಳನ್ನು ದಾಟಿದರೆ ಸಂಕ್ರಿ ಎಂಬ ಹಳ್ಳಿ, ಸುಮಾರು ಆರೂವರೆ ಸಾವಿರ ಅಡಿ ಎತ್ತರದಲ್ಲಿ. ಶಿಖರ 12,500 ಅಡಿ. ಒಂದು ಕಿಲೋಮೀಟರ್ ಮೇಲೇರಿದರೆ ಗಾಳಿ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಉಳಿದ ಲೆಕ್ಕ ನೀವೇ ಹಾಕಿಕೊಳ್ಳಿ. ಚಳಿಗಾಲದ ರಾತ್ರಿ ಕ್ಯಾಂಪಿನಲ್ಲಿ ಮೈನಸ್ ಹತ್ತು ವಿಶೇಷವೇನಲ್ಲ. ಬೆಂಗಳೂರು ತನ್ನ ದಾಖಲೆಯಲ್ಲಿ ಅತಿ ಹೆಚ್ಚು ನಡುಗಿದ್ದು 1884ರ ಜನವರಿ 13ರಂದು, 7.8 ಡಿಗ್ರಿಗೆ. ಅದೂ ಪ್ಲಸ್. ಹಾಗಾಗಿ "ನಂಗೆ ಚಳಿ ಅಭ್ಯಾಸ ಇದೆ, ನಮ್ಮೂರು ಚಿಕ್ಕಮಗಳೂರು" ಎಂಬ ಹೇಳಿಕೆ ಈ ವಾರಂಟಿಯ ಅಡಿಯಲ್ಲಿ ಬರುವುದಿಲ್ಲ.

2. ಜೋಡಣೆ: ಕೆಳಗಿನಿಂದ ಮೇಲಕ್ಕೆ

ಗ್ರಾಹಕರು ಅಂಗಡಿಗೆ ಹೋದವರೇ ಸ್ಲೀಪಿಂಗ್ ಬ್ಯಾಗುಗಳ ಸಾಲಿನತ್ತ ನಡೆಯುತ್ತಾರೆ. ದಯವಿಟ್ಟು ಹಿಂದಕ್ಕೆ ಬನ್ನಿ. ಮೊದಲು ಮ್ಯಾಟ್.

ಕಾರಣ ಇದು. ಬ್ಯಾಗಿನ ಬೆಚ್ಚನೆಯ ಗುಟ್ಟು ಅದರ ಉಬ್ಬಿನಲ್ಲಿದೆ, ಅಂದರೆ ಒಳಗೆ ಸಿಕ್ಕಿಬಿದ್ದ ಗಾಳಿಯಲ್ಲಿ. ನೀವು ಅದರ ಮೇಲೆ ಮಲಗಿದ ಕೂಡಲೇ ಬೆನ್ನಡಿಯ ಉಬ್ಬು ಅಪ್ಪಚ್ಚಿಯಾಗುತ್ತದೆ. ಮೂವತ್ತು ಸಾವಿರದ ಬ್ಯಾಗಾದರೂ ಬೆನ್ನ ಕೆಳಗೆ ಎರಡು ಪದರ ನೈಲಾನ್ ಬಟ್ಟೆ, ನಡುವೆ ಜಜ್ಜಿಹೋದ ತುಪ್ಪಳ. ಅದರಡಿಯ ಹೆಪ್ಪುಗಟ್ಟಿದ ನೆಲ ನಿಮ್ಮ 70 ವ್ಯಾಟನ್ನು ಬೆಳಗಿನವರೆಗೂ ಹೀರುತ್ತಲೇ ಇರುತ್ತದೆ. ಬ್ಯಾಗು ಸರಿಯಿಲ್ಲ ಎಂದು ರಾತ್ರಿಯಿಡೀ ಬೈದುಕೊಳ್ಳುವವರಲ್ಲಿ ಬಹುಪಾಲು ಜನ ಬೈಯಬೇಕಾದದ್ದು ಮ್ಯಾಟಿಗೆ.

ಮ್ಯಾಟಿನ ತಾಕತ್ತಿಗೆ ಆರ್-ವ್ಯಾಲ್ಯೂ ಎಂಬ ಅಂಕಿ ಇದೆ. ಹೆಚ್ಚಾದಷ್ಟೂ ಒಳ್ಳೆಯದು. ಮೊದಲು ಒಬ್ಬೊಬ್ಬ ತಯಾರಕರದು ಒಂದೊಂದು ಲೆಕ್ಕವಿತ್ತು. 2018ರಲ್ಲಿ ಎಎಸ್‌ಟಿಎಂ ಎಫ್3340 ಎಂಬ ಮಾನದಂಡ ಬಂದ ಮೇಲೆ ಒಂದರ ಪಕ್ಕ ಇನ್ನೊಂದನ್ನಿಟ್ಟು ಹೋಲಿಸುವ ಹಾಗಾಯಿತು. ಮೊಟ್ಟೆ ಟ್ರೇಯಂತೆ ಗುಳಿಬಿದ್ದ ಮಡಚುವ ಫೋಮ್ ಮ್ಯಾಟಿನದು ಸುಮಾರು 2. ತೂಕ ನಾನೂರು ಗ್ರಾಂ ಆಸುಪಾಸು. ಹಿಮದ ಮೇಲೆ ಮಲಗಲು 4 ದಾಟಬೇಕು, 5 ಇದ್ದರೆ ಇನ್ನೂ ವಾಸಿ. ಒಳಗೆ ಶಾಖ ತಡೆಯುವ ಪದರವಿರುವ ಗಾಳಿ ತುಂಬುವ ಮ್ಯಾಟು ಅಷ್ಟನ್ನು ಒಂದೇ ಏಟಿಗೆ ಕೊಡುತ್ತದೆ, ಜೇಬಿಗೂ ಅಷ್ಟೇ ಏಟು ಕೊಡುತ್ತದೆ. ಪದರವಿಲ್ಲದ ಅಗ್ಗದ ಗಾಳಿಹಾಸಿಗೆ ಬೇಡವೇ ಬೇಡ. ಅದರೊಳಗಿನ ಗಾಳಿ ಸುತ್ತುಹೊಡೆಯುತ್ತ ಮೈಯ ಬಿಸಿಯನ್ನು ನೆಲಕ್ಕೆ ಮುಟ್ಟಿಸಿ ಬರುತ್ತದೆ.

ಇಲ್ಲೊಂದು ಬಡವರ ಗಣಿತವಿದೆ. ಆರ್-ವ್ಯಾಲ್ಯೂಗಳನ್ನು ಕೂಡಬಹುದು. ಎರಡು ಫೋಮ್ ಮ್ಯಾಟು ಒಂದರ ಮೇಲೊಂದು ಹಾಸಿದರೆ ಎರಡೂ ಎರಡೂ ನಾಲ್ಕು. ಫೋಮು ಪಂಕ್ಚರ್ ಆಗುವುದಿಲ್ಲ, ಊದುವ ಕೆಲಸವಿಲ್ಲ, ಊಟದ ಹೊತ್ತಿಗೆ ಮಣೆಯೂ ಆಗುತ್ತದೆ. ಬ್ಯಾಕ್‌ಪ್ಯಾಕಿನ ಹೊರಗೆ ಎರಡು ಮ್ಯಾಟು ಕಟ್ಟಿಕೊಂಡು ಹೊರಟರೆ ನೋಡಲು ಸಂತೆಗೆ ಚಾಪೆ ಮಾರಲು ಹೊರಟಂತಿರುತ್ತದೆ ಎಂಬುದೊಂದೇ ಕೊರತೆ. ಮನೆಯ ಯೋಗ ಮ್ಯಾಟನ್ನು ತರುವ ಗ್ರಾಹಕರು ಅದರ ಮೇಲೆ ಶವಾಸನ ಅಭ್ಯಾಸ ಮಾಡಿಕೊಂಡು ಬರುವುದು ಒಳ್ಳೆಯದು.

3. ಬ್ಯಾಗಿನ ಚೀಟಿ ಓದುವ ಕ್ರಮ

"ಸಾರ್, ಇದು ಮೈನಸ್ ಟೆನ್ ಸಾರ್. ಕಣ್ಮುಚ್ಕೊಂಡು ತಗೊಳಿ."

ಕಣ್ಣು ಮುಚ್ಚಬೇಡಿ. ಚೀಲದ ಮೇಲೆ ದಪ್ಪಕ್ಷರದಲ್ಲಿರುವ ಅಂಕಿಯನ್ನು ಬಿಟ್ಟು, ಒಳಗೆ ಹೊಲಿದಿರುವ ಸಣ್ಣ ಚೀಟಿಯನ್ನು ಹುಡುಕಿ. ಐಎಸ್‌ಒ 23537 ಅಥವಾ ಅದಕ್ಕೂ ಹಿಂದಿನ ಇಎನ್ 13537 ಎಂದು ಬರೆದಿದ್ದರೆ ಅಲ್ಲಿ ಮೂರು ಉಷ್ಣಾಂಶಗಳಿರುತ್ತವೆ. ಕಂಫರ್ಟ್ ಅಂದರೆ ಸಾಮಾನ್ಯ ಮೈಕಟ್ಟಿನ ಹೆಂಗಸು ಕೈಕಾಲು ಸಡಿಲ ಬಿಟ್ಟು ನಿದ್ರಿಸಬಹುದಾದ ಮಟ್ಟ. ಲಿಮಿಟ್ ಅಂದರೆ ಸಾಮಾನ್ಯ ಮೈಕಟ್ಟಿನ ಗಂಡಸು ಮುದುಡಿಕೊಂಡು ಹೇಗೋ ರಾತ್ರಿ ಕಳೆಯುವ ಮಟ್ಟ. ಎಕ್ಸ್‌ಟ್ರೀಮ್ ಅಂದರೆ ಆರು ತಾಸು ಪ್ರಾಣ ಉಳಿದೀತು ಎಂಬ ಮಟ್ಟ. ಬೆರಳುಗಳ ಬಗ್ಗೆ ಭರವಸೆಯಿಲ್ಲ. ಅಂಗಡಿಯವರು ಖುಷಿಯಿಂದ ಓದಿ ಹೇಳುವುದು ಕೆಲವೊಮ್ಮೆ ಈ ಮೂರನೆಯದನ್ನು.

ನಿಮಗೆ ಬೇಕಾದದ್ದು ಮೊದಲನೆಯದು. ಗಂಡಸರೂ ಅದನ್ನೇ ನೋಡಿ, ಮರ್ಯಾದೆ ಹೋಗುವುದಿಲ್ಲ. ಇನ್ನೊಂದು ಮಾತು: ಈ ಅಂಕಿಗಳನ್ನು ಅಳೆಯುವುದು ಬಿಸಿಯೇರಿಸಿದ ಗೊಂಬೆಯೊಂದನ್ನು ಬ್ಯಾಗಿನೊಳಗೆ ಮಲಗಿಸಿ. ಗೊಂಬೆಗೆ ಉದ್ದ ಒಳಉಡುಪು, ಕಾಲುಚೀಲ, ಕೆಳಗೊಂದು ಮ್ಯಾಟು ಎಲ್ಲ ಸೌಕರ್ಯವೂ ಇರುತ್ತದೆ. ಪುಣ್ಯವಂತ ಗೊಂಬೆ, ಮ್ಯಾಟು ಮೊದಲು ಎಂಬುದು ಅದಕ್ಕೆ ಗೊತ್ತಿದೆ.

ಒಳಗಿನ ತುಂಬಿನಲ್ಲಿ ಎರಡು ಜಾತಿ. ಡೌನ್ ಎಂದರೆ ಬಾತುಕೋಳಿಯ ಎದೆಯ ತುಪ್ಪಳ: ಹಗುರ, ಮುಷ್ಟಿಗಾತ್ರಕ್ಕೆ ಅಮುಕಬಹುದು, ದುಬಾರಿ, ಒದ್ದೆಯಾದರೆ ಮುದ್ದೆ. ಸಿಂಥೆಟಿಕ್ ಭಾರ, ಅಗ್ಗ, ಒದ್ದೆಯಾದರೂ ಪೂರ್ತಿ ಕೈಬಿಡುವುದಿಲ್ಲ. 1922ರ ಎವರೆಸ್ಟ್ ತಂಡದಲ್ಲಿ ಜಾರ್ಜ್ ಫಿಂಚ್ ಎಂಬಾತ ಬಲೂನಿನ ಬಟ್ಟೆಯೊಳಗೆ ಈ ತುಪ್ಪಳ ತುಂಬಿಸಿ ಕೋಟು ಹೊಲಿಸಿಕೊಂಡು ಬಂದಿದ್ದ. ಟ್ವೀಡು, ಉಣ್ಣೆ ತೊಟ್ಟಿದ್ದ ಜತೆಯವರು ಆಡಿಕೊಂಡರು, ಮೇಲೆ ಹೋದಮೇಲೆ ಹೊಟ್ಟೆ ಉರಿದುಕೊಂಡರು. ಈ ಕೈಪಿಡಿ ಬರೆದವರ ಸ್ವಂತ ಅಭಿಪ್ರಾಯ ಇಷ್ಟು: ವರ್ಷಕ್ಕೊಮ್ಮೆ ಹೋಗುವವರು ಬ್ಯಾಗನ್ನು ಬಾಡಿಗೆಗೆ ತೆಗೆದುಕೊಂಡು, ಮ್ಯಾಟನ್ನು ಸ್ವಂತಕ್ಕೆ ಕೊಳ್ಳಲಿ. ಜನ ಇದನ್ನು ತಿರುವುಮುರುವು ಮಾಡುತ್ತಾರೆ.

ಉದ್ದದ ವಿಷಯಕ್ಕೆ ಗಾದೆಯನ್ನು ತಿರುಗಿಸಿಕೊಳ್ಳಿ: ಕಾಲು ಇದ್ದಷ್ಟೇ ಹಾಸಿಗೆ ಕೊಳ್ಳಿ. ಬುಡದಲ್ಲಿ ಖಾಲಿ ಉಳಿದ ಗೇಣುದ್ದದ ಜಾಗವನ್ನೂ ಬಿಸಿ ಮಾಡಬೇಕಾದ್ದು ಅದೇ ಬಡಪಾಯಿ ಹೀಟರ್.

4. ಮನೆಯವರು ಸೂಚಿಸುವ ಬಿಡಿಭಾಗಗಳು

"ಅಟ್ಟದ ಮೇಲೆ ತಾತನ ಕಂಬಳಿ ಐತೆ, ತಗೊಂಡ್ ಹೋಗೋ" ಎಂದು ಅಮ್ಮ ಹೇಳುವುದು ಖಚಿತ. ಅಮ್ಮನ ಮಾತಿನಲ್ಲಿ ತಪ್ಪಿಲ್ಲ. ಚಳ್ಳಕೆರೆ ಕಡೆಯ ಕರಿಕಂಬಳಿ ನೆನೆದರೂ ಬೆಚ್ಚಗಿಡುತ್ತದೆ. ಕುರಿಗಾಹಿಗಳು ಮಳೆಗೂ ಅದನ್ನೇ ಹೊದ್ದು, ರಾತ್ರಿ ಅದನ್ನೇ ಹಾಸಿದವರು. ಆದರೆ ದಪ್ಪನೆಯದೊಂದು ಎರಡು ಕಿಲೋ ತೂಗುತ್ತದೆ, ಬ್ಯಾಗಿನಷ್ಟು ಉಬ್ಬುವುದಿಲ್ಲ, ಮೈನಸ್ ಹತ್ತಕ್ಕೆ ಒಂದು ಸಾಲದು. ಅಮ್ಮನಿಗೆ ಇದನ್ನು ವಿವರಿಸುವ ವಿಧಾನ ಈ ಕೈಪಿಡಿಯಲ್ಲಿ ಇಲ್ಲ.

ಅದರ ಬದಲು ಅಮ್ಮನ ಬೀರುವಿನಿಂದ ಕೇಳಿ ಪಡೆಯಬೇಕಾದದ್ದು ಜರಿಯಿಲ್ಲದ ಒಂದು ಹಳೇ ತೆಳು ರೇಷ್ಮೆ ಸೀರೆ. ಎರಡು ಮಡಿಕೆ ಮಾಡಿ, ಎರಡೂ ಬದಿ ಹೊಲಿಸಿದರೆ ಬ್ಯಾಗಿನೊಳಗೆ ಹಾಕಿಕೊಳ್ಳುವ ಲೈನರ್ ತಯಾರು. ಹಗುರ, ಬೇಗ ಒಣಗುತ್ತದೆ, ಒಂದಿಷ್ಟು ಬೆಚ್ಚಗೂ ಹೌದು. ಎಲ್ಲಕ್ಕಿಂತ ಮುಖ್ಯವಾಗಿ, ಬಾಡಿಗೆ ಬ್ಯಾಗಿನಲ್ಲಿ ನಿಮಗಿಂತ ಮುಂಚೆ ಮಲಗಿದ್ದವರ ಮತ್ತು ನಿಮ್ಮ ನಡುವೆ ಒಂದು ಪರದೆ ಇರುತ್ತದೆ. ಹತ್ತಿ ಸೀರೆ ಬೇಡ, ಬೆವರು ಹಿಡಿದರೆ ಬಿಡುವುದಿಲ್ಲ. ಅನುಮತಿ ಪಡೆಯದೆ ಕತ್ತರಿ ಹಾಕಿದ ಪ್ರಕರಣಗಳಿಗೆ ನಾವು ಹೊಣೆಯಲ್ಲ.

5. ಚಾಲನೆ

ಕ್ಯಾಂಪ್ ತಲುಪಿದ ಕೂಡಲೇ ಬ್ಯಾಗನ್ನು ಬಿಚ್ಚಿ ಕೊಡವಿ ಹರಡಿ. ಉಬ್ಬಲು ಅದಕ್ಕೆ ಹೊತ್ತು ಬೇಕು. ಹಗಲು ಹಾಕಿದ ಬಟ್ಟೆಯಲ್ಲಿ ಒಳಗೆ ನುಗ್ಗಬೇಡಿ. ಮಲಗಲೆಂದೇ ಒಂದು ಜೊತೆ ಒಣ ಥರ್ಮಲ್, ಒಣ ಕಾಲುಚೀಲ ತೆಗೆದಿಡಿ, ಸತ್ತರೂ ಅವನ್ನು ಹಗಲು ಮುಟ್ಟಬೇಡಿ. ಇದ್ದ ಜಾಕೆಟ್ಟನ್ನೆಲ್ಲ ತೊಟ್ಟು ಇಕ್ಕಟ್ಟಾದ ಬ್ಯಾಗಿನಲ್ಲಿ ತೂರಿಕೊಂಡರೆ ಒಳಗಿನಿಂದಲೇ ಉಬ್ಬು ಅಮುಕಿಹೋಗುತ್ತದೆ. ಹೆಚ್ಚಿನ ಜಾಕೆಟ್ಟನ್ನು ಮೇಲೆ ಹೊದೆಯಿರಿ.

ಕುದಿಬಿಸಿ ನೀರನ್ನು ಗಟ್ಟಿ ಮುಚ್ಚಳದ ಬಾಟಲಿಗೆ ತುಂಬಿ, ಉಣ್ಣೆಯ ಕಾಲುಚೀಲ ತೊಡಿಸಿ, ತೊಡೆಗಳ ನಡುವೆ ಇಟ್ಟುಕೊಳ್ಳಿ. ಅಲ್ಲಿ ದೊಡ್ಡ ರಕ್ತನಾಳಗಳು ಹಾದುಹೋಗುತ್ತವೆ. ಥರ್ಮಾಸ್ ಫ್ಲಾಸ್ಕ್ ತಬ್ಬಿಕೊಂಡು ಮಲಗುವ ಬುದ್ಧಿವಂತರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ಫ್ಲಾಸ್ಕಿನೊಳಗಿನ ಚಹಾ ಬೆಳಿಗ್ಗೆಯವರೆಗೂ ಬೆಚ್ಚಗಿರುತ್ತದೆ, ಅವರು ಇರುವುದಿಲ್ಲ. ಮಲಗುವ ಮುನ್ನ ತುಪ್ಪ ಸುರಿದ ಕಿಚಡಿ ಅಥವಾ ನಾಲ್ಕು ತುಂಡು ಕಡಲೆಕಾಯಿ ಚಿಕ್ಕಿ ತಿನ್ನಿ. ಹೀಟರಿಗೂ ಇಂಧನ ಬೇಕು.

ಎಚ್ಚರಿಕೆ (ಇದು ತಮಾಷೆಯಲ್ಲ): ಟೆಂಟಿನೊಳಗೆ ಇದ್ದಿಲು, ಸ್ಟೌ ಯಾವುದನ್ನೂ ಹೊತ್ತಿಸಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದರಲ್ಲಿ ಮಲಗಿದವರು ಏಳುವುದಿಲ್ಲ. ಇನ್ನು ರಮ್ಮು: ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಅಟ್ಟುತ್ತದೆ. ಬೆಚ್ಚಗಾಯಿತು ಅನ್ನಿಸುವುದು ಆ ಬಿಸಿ ಹೊರಟುಹೋಗುತ್ತಿರುವ ಸದ್ದು.

6. ತೊಂದರೆ ಮತ್ತು ಪರಿಹಾರ

ಎದೆ ಬೆಚ್ಚಗೆ, ಬೆನ್ನು ಮಂಜುಗಡ್ಡೆ: ಎರಡನೇ ವಿಭಾಗ ಓದಿಲ್ಲ. ಖಾಲಿ ಬ್ಯಾಕ್‌ಪ್ಯಾಕ್, ಹಗ್ಗ, ಸಿಕ್ಕಿದ್ದನ್ನೆಲ್ಲ ಬೆನ್ನಡಿಗೆ ಸೇರಿಸಿ.

ಮುಖದ ಮೇಲೆ ಬಿಳಿ ಪುಡಿ ಉದುರುತ್ತಿದೆ: ಹಿಮಪಾತವಲ್ಲ. ನಿಮ್ಮದೇ ಉಸಿರು ಟೆಂಟಿನ ಒಳಮೈಗೆ ಅಂಟಿ ಹೆಪ್ಪುಗಟ್ಟಿ ಹಿಂದಿರುಗುತ್ತಿದೆ. ಗಾಳಿಕಿಂಡಿ ತೆರೆಯಿರಿ. ಚಳಿಯೆಂದು ಮೂಗನ್ನು ಬ್ಯಾಗಿನೊಳಗೆ ಎಳೆದುಕೊಂಡರೆ ಅದೇ ತೇವ ತುಪ್ಪಳ ಸೇರುತ್ತದೆ.

ಜಿಪ್ಪು ಒಳಬಟ್ಟೆ ಕಚ್ಚಿ ನಿಂತಿದೆ: ಎಳೆದಾಡಬೇಡಿ. ಹಿಂದಕ್ಕೆ ಸರಿಸಿ, ಬಟ್ಟೆಯನ್ನು ಬೆರಳಿನಿಂದ ಬಿಗಿಹಿಡಿದು ಮತ್ತೆ ಮುಂದಕ್ಕೆ. ಗ್ಲೌಸ್ ತೆಗೆಯಲೇಬೇಕು, ಬೇರೆ ದಾರಿಯಿಲ್ಲ.

ನಡುರಾತ್ರಿ ಮೂತ್ರಕ್ಕೆ ಅವಸರ: ಚಳಿಗೆ ಕೈಕಾಲಿನ ರಕ್ತನಾಳ ಕುಗ್ಗಿ, ರಕ್ತವೆಲ್ಲ ನಡುಮೈಗೆ ಸರಿದು, ಮೂತ್ರಪಿಂಡಗಳು ದುಡಿತ ಹೆಚ್ಚಿಸಿವೆ. ತಡೆದುಕೊಂಡು ಒಂದು ತಾಸು ಒದ್ದಾಡಿದ ಮೇಲೂ ಎದ್ದುಹೋಗುವುದು ತಪ್ಪಿದ್ದಲ್ಲ. ಈಗಲೇ ಹೋಗಿ.

ಪಕ್ಕದ ಮ್ಯಾಟಿನವರ ಗೊರಕೆಯಿಂದ ನಿದ್ದೆ ಬರುತ್ತಿಲ್ಲ: ಇಂಥ ಚಳಿಯಲ್ಲಿ ಗೊರಕೆ ಹೊಡೆಯಬಲ್ಲವರನ್ನು ದಯವಿಟ್ಟು ಎಬ್ಬಿಸಬೇಡಿ. ಬೆಳಿಗ್ಗೆ ಅವರ ಮ್ಯಾಟು ಯಾವುದು, ಎಲ್ಲಿ ಕೊಂಡಿದ್ದು, ಎಷ್ಟಾಯಿತು ಎಂದು ಕೇಳಿ ಬರೆದುಕೊಳ್ಳಿ.