ಅರ್ಧ ಕಪ್ ಚಹಾ ಮತ್ತು 164ನೇ ವಿಧಿ

ಡಾಕ್ಟರು ನನಗೆ ದಿನಕ್ಕೆ ಎರಡೇ ಕಪ್ ಚಹಾ ಎಂದು ಚೀಟಿ ಬರೆದುಕೊಟ್ಟಿದ್ದಾರೆ. ಮನೆಯಲ್ಲಿ ಎರಡು ಮುಗಿಸಿ, ಚಿಕ್ಕೋಡಿ ಬಸ್‌ಸ್ಟ್ಯಾಂಡಿಗೆ ಬಂದು ಒಂದು ಕಟ್ ಚಹಾ ಹೊಡೆಯುತ್ತೇನೆ. “ಅರ್ಧ ಕಪ್ ಅಂದ್ರ ಚಹಾ ಅಲ್ಲೇನ್ರೀ?” ಎನ್ನುತ್ತಾಳೆ ಮನೆಯಾಕೆ. “ಚೀಟಿಯೊಳಗ ಅರ್ಧದ ಸುದ್ದಿನ ಇಲ್ಲಲ್ಲ!” ಎನ್ನುತ್ತೇನೆ ನಾನು.

ಈ ವಿದ್ಯೆಗೆ ಅಥಣಿ, ಕಾಗವಾಡದ ರಾಜಕಾರಣವೇ ನನ್ನ ಗುರುಕುಲ.

ಪಕ್ಷಾಂತರಿಗಳಿಗೆ ಮೂಗುದಾರ ಹಾಕಲೆಂದು 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. 2019ರ ಜುಲೈನಲ್ಲಿ ಅಥಣಿಯ ಕಾಂಗ್ರೆಸ್ ಶಾಸಕ ಮಹೇಶ ಕುಮಠಳ್ಳಿ ರಾಜೀನಾಮೆ ಕೊಟ್ಟರು. ಪಕ್ಷ ಬಿಟ್ಟರೆ ತಪ್ಪು, ಸದನವನ್ನೇ ಬಿಟ್ಟರೆ? ಕಾಗವಾಡದ ಕಾಂಗ್ರೆಸ್ ಶಾಸಕ ಶ್ರೀಮಂತ ಪಾಟೀಲರು ಸರ್ಕಾರದ ವಿಶ್ವಾಸಮತದ ಹೊತ್ತಿಗೆ ಎದೆನೋವೆಂದು ಮುಂಬೈ ಆಸ್ಪತ್ರೆಯಲ್ಲಿದ್ದರು. ಸ್ಪೀಕರ್ ರಮೇಶ್ ಕುಮಾರ್ ಒಟ್ಟು 17 ಜನರನ್ನು ಅನರ್ಹಗೊಳಿಸಿದರು. ಅದರಲ್ಲಿ ಈ ಇಬ್ಬರೂ ಇದ್ದರು.

ಆಗಸ್ಟ್ ಬಂತು. ಕೃಷ್ಣೆಯೂ ಬಂದಳು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗದ ಹೊಳೆದಂಡೆಯ ಊರುಗಳಲ್ಲಿ ಜನ ಎಮ್ಮೆಯ ಹಗ್ಗ ಒಂದು ಕೈಯಲ್ಲಿ, ಮಕ್ಕಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಎತ್ತರದ ಜಾಗ ಹುಡುಕುತ್ತಿದ್ದರು. ಅಥಣಿ, ಕಾಗವಾಡದವರು ಶಾಸಕರನ್ನು ಕೂಗೋಣವೆಂದರೆ ಎರಡೂ ಕ್ಷೇತ್ರಕ್ಕೆ ಶಾಸಕರೇ ಇಲ್ಲ. ಮಂತ್ರಿಗಳನ್ನು ಕರೆಯೋಣವೆಂದರೆ ಹೊಸ ಮುಖ್ಯಮಂತ್ರಿ ಯಡಿಯೂರಪ್ಪನವರು ಜುಲೈ 26ರಿಂದ ಆಗಸ್ಟ್ 20ರವರೆಗೆ ಒಬ್ಬರೇ ಸಂಪುಟ! 164ನೇ ವಿಧಿಯ ಪ್ರಕಾರ ಮಂತ್ರಿಗಳು ವಿಧಾನಸಭೆಯ ಸದಸ್ಯಬಲದ ಶೇ 15ನ್ನು ಮೀರಬಾರದು. ಮುಖ್ಯಮಂತ್ರಿ ಸೇರಿ 12ಕ್ಕಿಂತ ಕಡಿಮೆಯೂ ಇರಬಾರದು. ಹೆಚ್ಚಾದರೆ ಗದ್ದಲ, ಕಡಿಮೆಯಾದರೆ ‘ಶೀಘ್ರದಲ್ಲೇ ವಿಸ್ತರಣೆ’. ಒಬ್ಬರೇ ಇದ್ದಾಗ ಸಂಪುಟ ಸಭೆಯಲ್ಲಿ ಭಿನ್ನಮತವಾದರೂ ಇರುವುದಿಲ್ಲ ಬಿಡಿ.

ಕೊನೆಗೆ ಮಂತ್ರಿಗಳು ಬಂದರು. ಅವರಲ್ಲಿ ಅಥಣಿಯ ಲಕ್ಷ್ಮಣ ಸವದಿ ಒಬ್ಬರು. 2018ರಲ್ಲಿ ಬಿಜೆಪಿಯಿಂದ ನಿಂತು ಕುಮಠಳ್ಳಿಯವರ ಎದುರು ಸೋತವರು, ಯಾವ ಸದನದಲ್ಲೂ ಇಲ್ಲದವರು. ಕೆಲವೇ ದಿನಗಳಲ್ಲಿ ಉಪಮುಖ್ಯಮಂತ್ರಿಯೂ ಆದರು. ಸಂವಿಧಾನದಲ್ಲಿ ಹೆಸರೇ ಇಲ್ಲದ ಹುದ್ದೆ ಅದು. ಸದಸ್ಯರಲ್ಲದವರು ಆರು ತಿಂಗಳು ಮಂತ್ರಿಯಾಗಿರಬಹುದು. ಪ್ರಮಾಣವಚನ ಆಗಸ್ಟ್ 20ಕ್ಕೆ, ವಿಧಾನ ಪರಿಷತ್ತಿಗೆ ಆಯ್ಕೆ 2020ರ ಫೆಬ್ರವರಿ 17ಕ್ಕೆ. ಮೂರು ದಿನ ಉಳಿತಾಯ! ನಮ್ಮ ಕೆಂಪು ಬಸ್ಸು ಇಷ್ಟು ಸರಿಯಾದ ಟೈಮಿಗೆ ಬಂದದ್ದನ್ನು ನಾನಂತೂ ಕಂಡಿಲ್ಲ.

ಅನರ್ಹರ ಕಥೆ? ಅನರ್ಹತೆ ಸರಿ, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಎಂದು ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರ್ 5ಕ್ಕೆ ಉಪಚುನಾವಣೆಯ ಮತದಾನ. ಇಬ್ಬರೂ ಬಿಜೆಪಿಯಿಂದ ನಿಂತರು. ನಾಲ್ಕು ತಿಂಗಳ ಹಿಂದೆ ಅಂಗಳಕ್ಕೆ ನೀರು ಬಂದಾಗ ಇವರನ್ನು ಬೈದಿದ್ದ ನಮ್ಮ ಕಾಕಾ ಮತ ಹಾಕಿ ಬಂದು ಶಾಯಿಯ ಬೆರಳು ತೋರಿಸಿದ. “ಯಾರಿಗೆ ಹಾಕಿದಿ ಕಾಕಾ?” ಎಂದೆ. “ನಮ್ಮಾವಗ ಅಲ್ಲೇನೋ ಮತ್ತ!” ಎಂದ. ಇಬ್ಬರೂ ಗೆದ್ದರು. ಪಾಟೀಲರು ಮಂತ್ರಿಯಾದರು, ಕುಮಠಳ್ಳಿ ಆಗಲಿಲ್ಲ.

ಚೀಟಿಯಲ್ಲಿ ಇಲ್ಲದ್ದನ್ನು ಓದುವುದರಲ್ಲಿ ನಾನು ಇವರ ಮುಂದೆ ಇನ್ನೂ ಒಂದನೇ ಇಯತ್ತೆ. ಕಾಕಾನೂ ನನಗಿಂತ ಮುಂದೆ.

2023ರ ಮೇ ತಿಂಗಳಲ್ಲಿ ಅಥಣಿಯಲ್ಲಿ ಮತ್ತೆ ಅದೇ ಇಬ್ಬರು ಎದುರುಬದುರು. ಈ ಸಲ ಸವದಿ ಕಾಂಗ್ರೆಸ್, ಕುಮಠಳ್ಳಿ ಬಿಜೆಪಿ. ಸವದಿ ಗೆದ್ದರು.