ರೀಚಾರ್ಜಬಲ್ ಸೆಲ್ಲುಗಳಿಗೆ ವರ್ಗಾವಣೆ ಆದೇಶ

ಮಾನ್ಯ ರೀಚಾರ್ಜಬಲ್ ಸೆಲ್ಲುಗಳೇ,

ಗೋಡೆ ಗಡಿಯಾರದ ಹುದ್ದೆಯಲ್ಲೇ ಮುಂದುವರಿಯುವ ತಮ್ಮ ಮನವಿಯನ್ನು ಗೃಹ ಇಲಾಖೆ, ಅಂದರೆ ನಮ್ಮ ಅಡುಗೆಮನೆ, ಕೂಲಂಕಷವಾಗಿ ಪರಿಶೀಲಿಸಿ ತಿರಸ್ಕರಿಸಿದೆ.

ಗಡಿಯಾರಕ್ಕೆ ಬೇಕಾದ ಕರೆಂಟು ತೀರಾ ಅಲ್ಪ. ಅಗ್ಗದ ಕಾರ್ಬನ್ ಸೆಲ್ಲೊಂದು ಅಲ್ಲಿ ಯುಗಾದಿಯಿಂದ ಯುಗಾದಿಯವರೆಗೆ ತುಟಿಪಿಟಕ್ಕೆನ್ನದೆ ದುಡಿಯುತ್ತದೆ. ತಾವೋ ನೂರಾರು ಸಲ ಚಾರ್ಜ್ ಆಗಬಲ್ಲವರು. ವರ್ಷಕ್ಕೊಂದು ಸಲದ ಲೆಕ್ಕದಲ್ಲಿ ತಮ್ಮ ಸೇವಾವಧಿ ಮುಗಿಯುವಷ್ಟರಲ್ಲಿ ನಮ್ಮ ಮರಿಮಕ್ಕಳಿಗೂ ಪಿಂಚಣಿ ಶುರುವಾಗಿರುತ್ತದೆ. ಆದ್ದರಿಂದ ತಮ್ಮನ್ನು ಮೊಮ್ಮಗನ ಆಟದ ಕಾರಿಗೆ ವರ್ಗಾಯಿಸಲಾಗಿದೆ. ಅಲ್ಲಿ ವಾರದೊಳಗೆ ಎರಡು ಸಲ ಸುಸ್ತಾಗುವ ಸೌಭಾಗ್ಯವಿದೆ.

ತಮ್ಮ ವೋಲ್ಟೇಜು 1.2, ಬಳಸಿ ಬಿಸಾಡುವ ದಿನಗೂಲಿ ಸೆಲ್ಲಿನದು 1.5 ಎಂದು ಕೀಳರಿಮೆ ಬೇಡ. ಅವರು ಸೇರಿದ ದಿನದಿಂದಲೇ ಇಳಿಮುಖ. ತಾವು ಹೆಚ್ಚುಕಡಿಮೆ ಕೊನೆಯವರೆಗೆ ಅದೇ 1.2ರ ಆಸುಪಾಸು. ಕೂತಲ್ಲೇ ಸೊರಗುವ ತಮ್ಮ ಮನೆತನದ ಕಾಯಿಲೆಯೂ 2005ರಲ್ಲಿ ಜಪಾನಿನ ಸ್ಯಾನ್ಯೋ ಕಂಪನಿ ಎನೆಲೂಪ್ ಸೆಲ್ಲು ತಂದ ಮೇಲೆ ಬಹುಪಾಲು ವಾಸಿಯಾಗಿದೆ.

ಒಂದು ಷರತ್ತು. ಈ ಮನೆಯಲ್ಲಿ ಒಂದು ಹೊಸ ಸೆಲ್ಲು, ಒಂದು ಹಳೇ ಸೆಲ್ಲು ಜೋಡಿಸುವ ಉಳಿತಾಯ ಯೋಜನೆ ಜಾರಿಯಲ್ಲಿದೆ. ಹೊಸಬನು ಬಡಪಾಯಿ ಹಳಬನನ್ನು ಪೂರ್ತಿ ಹಿಂಡುತ್ತಾನೆ. ಹಳಬ ಸೋರಿ, ಸ್ಪ್ರಿಂಗಿಗೆ ಬಿಳಿ ಬೂಷ್ಟು ಕಟ್ಟಿ, ಸಾವಿರಾರು ರೂಪಾಯಿಯ ಬಿಪಿ ಮಷೀನು ಗೊಟಕ್ಕೆನ್ನುತ್ತದೆ. ಉಳಿಸಿದ್ದು ಒಂದು ಸೆಲ್ಲಿನ ದುಡ್ಡು. ತಾವು ಸದಾ ಒಂದೇ ವಯಸ್ಸಿನ ಜೋಡಿಯಾಗಿಯೇ ಕರ್ತವ್ಯಕ್ಕೆ ಹಾಜರಾಗತಕ್ಕದ್ದು.

ಇನ್ನು ದಿನಗೂಲಿಯವರ ಅಂತ್ಯಸಂಸ್ಕಾರ. ಪ್ರಾಣ ಹೋದ ಮೇಲೂ ಅವರನ್ನು ತಾರಸಿಯ ಬಿಸಿಲಿಗಿಟ್ಟು, ರಿಮೋಟಿನ ಬೆನ್ನಿಗೆ ಎರಡು ಬಿಟ್ಟು, ಇನ್ನೊಂದು ಧಾರಾವಾಹಿ ಮುಗಿಯುವವರೆಗೆ ದುಡಿಸುವುದು ಇಲ್ಲಿನ ವಾಡಿಕೆ. ಬಳಿಕ ಮೋಕ್ಷವಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸತ್ತ ಸೆಲ್ಲುಗಳ ಹೊಣೆಯನ್ನು ತಯಾರಕರ ಹೆಗಲಿಗೆ ಹೊರಿಸಿವೆ. ಆದರೆ ನಮ್ಮ ಬೀದಿಯ ಅಂಗಡಿಯವನಿಗೆ ಹಳೇ ಸೆಲ್ಲು ಕೊಡಹೋದರೆ, 'ಇದಕ್ಕೆ ಎಕ್ಸ್‌ಚೇಂಜ್ ಇಲ್ಲ ಸಾರ್' ಎಂದ. ಹೀಗಾಗಿ ಮೃತರೆಲ್ಲ ಮದುವೆ ಕರೆಯೋಲೆಗಳ ಜೊತೆ ಟಿವಿ ಮೇಜಿನ ಡ್ರಾಯರಿನಲ್ಲಿ ವಿಶ್ರಮಿಸುತ್ತಿದ್ದಾರೆ. ಪ್ರತಿ ಸಲ ಕರೆಂಟು ಹೋದಾಗ ಅವರಲ್ಲೊಬ್ಬನನ್ನು ಟಾರ್ಚಿಗೆ ಪುನರ್ನೇಮಕ ಮಾಡುವ ಪ್ರಯತ್ನ ನಡೆಯುತ್ತದೆ.

ಚಾರ್ಜರನ್ನು ಹುಡುಕಿಕೊಡಲು ಸಮಿತಿ ರಚಿಸಲಾಗಿದೆ. ವರದಿ ಬರುವವರೆಗೆ ತಾವು ಕರ್ತವ್ಯದಲ್ಲಿದ್ದಂತೆಯೇ ಪರಿಗಣಿಸಲಾಗುವುದು.

ಇಂತಿ,
ಮನೆ ಯಜಮಾನ (ಪ್ರಭಾರ)

ಪ್ರತಿ: ರಿಮೋಟಿನ ಮುಚ್ಚಳದ ಹುದ್ದೆಯನ್ನು ಹಂಗಾಮಿಯಾಗಿ ನಿರ್ವಹಿಸುತ್ತಿರುವ ರಬ್ಬರ್ ಬ್ಯಾಂಡಿಗೆ, ಮಾಹಿತಿಗಾಗಿ.